ಬೋರಕ್ಕನ ಹೊರಗಿನ ದಿನಗಳು

ಇವತ್ತು ಬೋರಕ್ಕ ಬಂದುಬಿಟ್ಟರೆ ಏನು ಹೇಳಲಿ? ನಾಲ್ಕು ದಿನದಿಂದ ಇದೊಂದೇ ಚಿಂತೆ ತಲೆ ಕೊರೆಯುತ್ತಿದೆ. ಹಾಲು ಒಲೆಯ ಮೇಲಿಟ್ಟರೆ ಉಕ್ಕಿಹೋಗುತ್ತದೆ. ಮಗಳು ಅನಘಳಿಗೆ ಜುಟ್ಟು ಕಟ್ಟಿ, ಕಟ್ಟಿದ್ದು ಮರೆತು ಮತ್ತೆ ಬಿಚ್ಚುತ್ತೇನೆ. ಗೇಟಿನ ಚಿಲಕ ಸದ್ದಾದರೆ ಕಿಟಕಿಗೆ ಓಡುತ್ತೇನೆ. ನೋಡಿದರೆ ಪೇಪರಿನವನು, ಇಲ್ಲವೇ ಸೊಪ್ಪು ಮಾರುವವಳು. ಬೋರಕ್ಕನಲ್ಲ ಎಂದು ಗೊತ್ತಾದ ಕೂಡಲೇ ಒಂದು ಸಮಾಧಾನ. ಆ ಸಮಾಧಾನಕ್ಕೆ ನಾಚಿಕೆಯೂ ಆಗುತ್ತದೆ.

ಬೀರುವಿನಲ್ಲಿ, ಮದುವೆಯ ಮೊಳಕಾಲ್ಮೂರು ಸೀರೆಯ ಮಡಿಕೆಯೊಳಗೆ, ದಾವಣಗೆರೆಯ ಲ್ಯಾಬಿನಿಂದ ಬಂದ ಕಂದು ಲಕೋಟೆ ಇದೆ. ಅದರ ಮೇಲೆ ಬೋರಕ್ಕನ ಹೆಸರಿದೆ. ಶನಿವಾರ ಬಂತು, ಇವತ್ತು ಬುಧವಾರ. ಅವಳಿಗೆ ಇನ್ನೂ ತಿಳಿಸಿಲ್ಲ. ಅವಳು ಇಪ್ಪತ್ತು ಕಿಲೋಮೀಟರ್ ಆಚೆ ದೊಡ್ಡಉಳ್ಳಾರ್ತಿಯ ಹಟ್ಟಿಯಂಚಿನ ಗುಡಿಸಲಿನಲ್ಲಿ ಕೂತಿದ್ದಾಳೆ. ‘ಹೊರಗಾಗಿ’ ಇವತ್ತಿಗೆ ಏಳನೇ ದಿನ.

ಬೋರಕ್ಕ ನನ್ನ ಮಗಳನ್ನು ನೋಡಿಕೊಳ್ಳುವವಳು. ಅವಳಿದ್ದಾಳೆಂದೇ ನಾನು ಸರ್ಜನ್.

ಇದು ಉತ್ಪ್ರೇಕ್ಷೆಯಲ್ಲ. ನಾನು ಹುಟ್ಟಿ ಓದಿದ್ದೆಲ್ಲ ಬೆಂಗಳೂರಿನಲ್ಲಿ. ಅನಘ ಹುಟ್ಟಿದ ಆರು ತಿಂಗಳಿಗೆ ನನ್ನ ಗಂಡ ರಘುನಂದನನಿಗೆ ಮೊಳಕಾಲ್ಮೂರಿನ ಬ್ಯಾಂಕಿಗೆ ವರ್ಗವಾಯಿತು. ನಾನು ಕೆಲಸಕ್ಕಿದ್ದ ಆಸ್ಪತ್ರೆಯಲ್ಲಿ, ಮಗು ಸ್ವಲ್ಪ ದೊಡ್ಡದಾಗುವವರೆಗೆ ವಾರಕ್ಕೆ ಮೂರು ದಿನ ಬರಲೇ ಎಂದು ಕೇಳಿದ್ದೆ. ನಮ್ಮ ಯೂನಿಟ್ಟಿನ ಮುಖ್ಯಸ್ಥರು ಎಲ್ಲರೆದುರಿಗೆ, “ಸರ್ಜರಿ ಏನು ಹೊಲಿಗೆ ಕ್ಲಾಸೇನಮ್ಮ, ಬಿಡುವಾದಾಗ ಬಂದು ಎರಡು ಹೊಲಿಗೆ ಹಾಕಿ ಹೋಗೋಕೆ?” ಎಂದರು. ಇಡೀ ಯೂನಿಟ್ಟು ನಕ್ಕಿತು. ನಾನೂ ನಕ್ಕೆ. ಮಾರನೆಯ ದಿನ ರಾಜೀನಾಮೆ ಕೊಟ್ಟೆ.

ಚಳ್ಳಕೆರೆಯಲ್ಲಿ ಮನೆ ಮಾಡಿದೆವು. ರಘುನಂದನ ಬೆಳಿಗ್ಗೆ ಏಳರ ಬಸ್ಸಿಗೆ ಮೊಳಕಾಲ್ಮೂರಿಗೆ ಹೋದರೆ ಬರುವುದು ದೀಪ ಹಚ್ಚಿದ ಮೇಲೆ. ಊರಿನ ಹಳೆಯ ವೈದ್ಯರು ಡಾಕ್ಟರ್ ಮುರುಗೇಂದ್ರಪ್ಪ. ಅವರ ನರ್ಸಿಂಗ್ ಹೋಮಿನಲ್ಲಿ ಆಪರೇಷನ್ ಥಿಯೇಟರ್ ಇತ್ತು, ಕೊಯ್ಯುವವರು ಇರಲಿಲ್ಲ. ನಾನು ಹಿಂಜರಿಯುತ್ತಲೇ ನನ್ನ ಕಷ್ಟ ಹೇಳಿದೆ.

“ಎರಡು ದಿನ ಬರ್ರಿ ಸಾಕು, ಡಾಕ್ಟ್ರಮ್ಮ” ಎಂದರು ಅವರು. “ಈ ಊರು ಅರ್ಧ ಸರ್ಜನ್ನೂ ಕಂಡಿಲ್ಲ. ವಾರ ನೀವೇ ಹೇಳ್ರಿ. ಹರ್ನಿಯಾ ಏನು ಮುಹೂರ್ತ ಕೇಳಲ್ಲ.”

ಮಂಗಳವಾರ, ಶುಕ್ರವಾರ ಎಂದಾಯಿತು. ಮಧ್ಯೆ ತುರ್ತು ಬಂದರೆ ಮನೆಗೆ ಫೋನು. ಉಳಿದದ್ದು ಒಂದೇ ಪ್ರಶ್ನೆ: ಆ ಹೊತ್ತಿನಲ್ಲಿ ಮಗು ಯಾರ ಹತ್ತಿರ?

ಥಿಯೇಟರಿನ ಸಿಸ್ಟರ್ ರಾಧಮ್ಮ ಬೋರಕ್ಕನನ್ನು ಕರೆತಂದಳು. ರಾಧಮ್ಮ ರಾಂಪುರದ ಕಡೆಯವಳು, ಅರ್ಧ ಕನ್ನಡ ಅರ್ಧ ತೆಲುಗು, ಬಾಯಿ ಮುಚ್ಚಿದ್ದನ್ನು ನಾನು ಕಂಡಿಲ್ಲ. “ಇಟ್ಕೊಳ್ರಿ ಮೇಡಂ, ಈಯಮ್ಮಂಗೆ ಐವತ್ತು ದಾಟೈತೆ. ತಿಂಗಳ ರಜದ ಕಾಟ ಇಲ್ಲ” ಎಂದಳು.

ನನಗೆ ಅರ್ಥವಾಗಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಬೋರಕ್ಕನ ಹಟ್ಟಿಯಲ್ಲಿ ಮುಟ್ಟಾದ ಹೆಂಗಸು ಮನೆಯೊಳಗೆ ಬರುವುದಿಲ್ಲ. ಹಟ್ಟಿಯ ಆಚೆ ಗುಡಿಸಲಿನಲ್ಲಿ ಮೂರು ದಿನ ಇದ್ದು, ನಾಲ್ಕನೇ ದಿನ ತಲೆಗೆ ನೀರು ಹಾಕಿಕೊಂಡು, ಐದನೇ ದಿನ ಕೆಲಸಕ್ಕೆ ಬರುತ್ತಾಳೆ. ಮುಟ್ಟು ಎನ್ನುವ ಮಾತನ್ನೂ ಆಡುವುದಿಲ್ಲ. ‘ಹೊರಗಾಗೀನಿ’ ಎಂದರೆ ಮುಗಿಯಿತು, ಯಾರೂ ಮುಂದಕ್ಕೆ ಕೇಳುವುದಿಲ್ಲ.

ಬೋರಕ್ಕ ಬಾಗಿಲ ಬಳಿ ನಿಂತು ಎಲೆಯಡಿಕೆ ಬಾಯಿ ಒರೆಸಿಕೊಂಡು ಹೇಳಿದಳು: “ನಂದು ನಿಂತು ಒಂದೂವರೆ ವರ್ಷ ಆತು ಕಣಮ್ಮ. ನಾನೀಗ ಗಂಡಸಿದ್ದಂಗೆ.”

ಮೂವರೂ ನಕ್ಕೆವು. ಆ ಒಂದು ಮಾತಿಗೇ ನಾನು ಅವಳನ್ನು ಗೊತ್ತು ಮಾಡಿಕೊಂಡದ್ದು. ಅದು ಎರಡು ಸಾವಿರದ ಒಂದರ ಜುಲೈ.

ಅವಳ ಕಥೆ ನನಗೆ ಒಟ್ಟಿಗೆ ಸಿಕ್ಕಿದ್ದಲ್ಲ. ಅನಘಳಿಗೆ ಮುದ್ದೆ ತಿನ್ನಿಸುತ್ತ, ಬಟ್ಟೆ ಮಡಿಸುತ್ತ, ತುಣುಕು ತುಣುಕಾಗಿ ಬಂತು. ಹುಟ್ಟಿದ್ದು ತಳಕಿನ ಹತ್ತಿರದ ಒಂದು ಹಳ್ಳಿಯಲ್ಲಿ. ಹದಿಮೂರಕ್ಕೆ ಮದುವೆ. ಗಂಡ ಹುಲಿಯಪ್ಪ ದೊಡ್ಡಉಳ್ಳಾರ್ತಿ ಕಾವಲಿನಲ್ಲಿ ದನ ಮೇಯಿಸುತ್ತಿದ್ದ. ಹುಲ್ಲು ಎದೆಯೆತ್ತರ ಬೆಳೆದಾಗ ಅವನ ಕೆಂಪು ರುಮಾಲು ಮಾತ್ರ ಕಾಣುತ್ತಿತ್ತಂತೆ, ಬುತ್ತಿ ತೆಗೆದುಕೊಂಡು ಹೋದ ಬೋರಕ್ಕ ಅದನ್ನೇ ಗುರುತು ಹಿಡಿದು ನಡೆಯುತ್ತಿದ್ದಳಂತೆ. ಅವನಿಗೆ ತೊಡೆಸಂದಿಯಲ್ಲಿ ಒಂದು ಗಂಟು ಇತ್ತು. ಮಲಗಿದರೆ ಒಳಗೆ, ನಿಂತರೆ ಹೊರಗೆ. ಒಂದು ದಿನ ಹೊರಗೆ ಬಂದದ್ದು ಒಳಗೆ ಹೋಗಲಿಲ್ಲ. ಹೊಟ್ಟೆ ಉಬ್ಬಿತು, ವಾಂತಿ ನಿಲ್ಲಲಿಲ್ಲ. ಗಾಡಿ ಕಟ್ಟಿ ಚಳ್ಳಕೆರೆಗೆ ಬಂದರೆ ಇಲ್ಲಿ ಆಗುವುದಿಲ್ಲ, ದುರ್ಗಕ್ಕೆ ಹೋಗಿ ಎಂದರು. ದುರ್ಗದ ದಾರಿಯಲ್ಲೇ ಹೋದ.

“ಎಂಥಾ ಕಾಯ್ಲೆ ಅಂತ ನಂಗೊತ್ತಿರ್ಲಿಲ್ಲ. ಇಪ್ಪತ್ತು ವರ್ಷ ಆದ್ಮೇಲೆ ರಾಧಮ್ಮ ಹೇಳಿದ್ಲು, ಅದೇನೋ ಕೊಯ್ದು ಹೊಲಿಯಾದಂತೆ, ಒಂದು ಗಂಟೆ ಕೆಲ್ಸ ಅಂತೆ” ಎಂದಳು. ಅವಳ ದನಿಯಲ್ಲಿ ಅಳು ಇರಲಿಲ್ಲ. ಇಷ್ಟು ಚಿಕ್ಕ ಕೆಲಸಕ್ಕೆ ಮನುಷ್ಯ ಸಿಗಲಿಲ್ಲವಲ್ಲ ಎಂಬ ಬೆರಗು ಇತ್ತು. “ಒಂದು ಗಂಟೆ ಅಷ್ಟೇನಾ ಅಮ್ಮ?”

“ಅಷ್ಟೇ” ಎಂದೆ.

ಮಗಳು ಮಂಜಮ್ಮನನ್ನು ಕಟ್ಟಿಕೊಂಡು ಹದಿನೈದು ವರ್ಷ ಚಳ್ಳಕೆರೆಯ ಮಿಲ್ಲುಗಳಲ್ಲಿ ಶೇಂಗಾ ಆರಿಸಿದಳು, ಸುಲಿದಳು. ಬಲಗೈ ಹೆಬ್ಬೆರಳ ಉಗುರು ನಡುವೆ ಸೀಳಿಹೋಗಿತ್ತು. ಆ ಉಗುರು ಮಗುವಿಗೆ ತಾಗಬಾರದೆಂದು ಬಟ್ಟೆ ಸುತ್ತಿಕೊಂಡು ಎಣ್ಣೆ ಹಚ್ಚುತ್ತಿದ್ದಳು. ಅನಘ ಅವಳ ಬಾಯಲ್ಲಿ ಅನಗಮ್ಮ ಆದಳು.

ಮೊದಮೊದಲು ನಾನು ಹೊರಡುವಾಗ ಅನಘ ಕೊರಳಿಗೆ ಜೋತುಬಿದ್ದು ಅಳುತ್ತಿದ್ದಳು. ನನಗೂ ಕಣ್ಣಲ್ಲಿ ನೀರು. ಬಾಗಿಲಲ್ಲೇ ನಿಂತು, ಇವತ್ತೊಂದು ದಿನ ಬಿಟ್ಟುಬಿಡಲೇ ಎಂದು ಒದ್ದಾಡುತ್ತಿದ್ದೆ. ಆಗ ಬೋರಕ್ಕ ಮಗುವಿನ ಬೆರಳುಗಳನ್ನು ಒಂದೊಂದಾಗಿ ನನ್ನ ಸೆರಗಿನಿಂದ ಬಿಡಿಸಿ ಹೇಳುತ್ತಿದ್ದಳು:

“ನೀವು ಹೋಗ್ರಿ ಅಮ್ಮ. ಅಲ್ಲಿ ಯಾರ್ದೋ ಗಂಡ ಮಲಗೌನೆ.”

ಆ ಮಾತಿಗೆ ನಾನು ಓಡುತ್ತಿದ್ದೆ. ಎಂಟು ತಿಂಗಳು ಒಂದು ದಿನವೂ ಅವಳು ರಜ ಹಾಕಲಿಲ್ಲ.

ಮರುವರ್ಷ ಮಾರ್ಚಿನಲ್ಲಿ ಒಂದು ಬೆಳಿಗ್ಗೆ ಅವಳು ಒಳಗೆ ಬರಲಿಲ್ಲ. ತಾನು ಮಲಗುತ್ತಿದ್ದ ನಮ್ಮ ಹಿತ್ತಲ ಕೋಣೆಯಿಂದ ಎದ್ದವಳು ಗೇಟಿನ ಆಚೆ ಹೋಗಿ ನಿಂತು, ಚೀಲ ಕಂಕುಳಲ್ಲಿ ಇಟ್ಟುಕೊಂಡು ಕೂಗಿದಳು: “ಅಮ್ಮಾ, ಹೊರಗಾಗೀನಿ. ಊರಿಗೆ ಹೋಗ್ತೀನಿ.”

ಆವತ್ತು ಮಂಗಳವಾರ. ಥಿಯೇಟರಿನಲ್ಲಿ ಇಬ್ಬರು ಉಪವಾಸ ಮಲಗಿದ್ದರು. ನನಗೆ ಬಂದದ್ದು ಸಿಟ್ಟು. ನಿಂತಿದೆ ಎಂದು ಹೇಳಿ ಕೆಲಸಕ್ಕೆ ಸೇರಿದ್ದಳಲ್ಲ, ಸುಳ್ಳು ಹೇಳಿದಳು ಎಂದುಕೊಂಡೆ.

“ನಿಂತಿದೆ ಅಂದಿದ್ದೆಯಲ್ಲ ಬೋರಕ್ಕ?”

ಅವಳು ನಾಚಿಕೊಂಡಳು. ನೆಲ ನೋಡಿ ನಕ್ಕಳು. “ಮತ್ತೆ ಬಂದೈತೆ ಕಣಮ್ಮ. ನಮ್ಮಟ್ಟಿ ಹೆಂಗಸ್ರಿಗೆ ಹೇಳಿದ್ರೆ ಬಿದ್ದೂ ಬಿದ್ದೂ ನಗ್ತಾರೆ. ಅನಗಮ್ಮನ್ನ ಎತ್ಗಂಡೂ ಎತ್ಗಂಡೂ ಮೈಗೆ ಎಳೆತನ ಬಂದೈತೆ ಅಂತಾರೆ.”

ಆ ಗೇಟಿನ ಎರಡು ಬದಿ ನಿಂತಿದ್ದವರು ಯಾರು ಎಂದು ಈಗ ಯೋಚಿಸುತ್ತೇನೆ. ಒಂದು ಬದಿಯಲ್ಲಿ ಮುಟ್ಟು ನಿಂತು ಎರಡು ವರ್ಷವಾದ ಮೇಲೆ ಮತ್ತೆ ರಕ್ತ ಕಂಡ ಐವತ್ತೆರಡರ ಹೆಂಗಸು. ಇನ್ನೊಂದು ಬದಿಯಲ್ಲಿ ವೈದ್ಯೆ. ಎರಡನೇ ವರ್ಷದ ವಿದ್ಯಾರ್ಥಿಗೂ ಅದು ಏನೆಂದು ಗೊತ್ತಿರುತ್ತದೆ. ಆದರೆ ಆವತ್ತು ಗೇಟಿನ ಈಚೆ ನಿಂತಿದ್ದವಳು ವೈದ್ಯೆಯಲ್ಲ, ಕೆಲಸದವಳು ರಜ ಹಾಕಿದ ಮನೆಯ ಯಜಮಾನಿ. ‘ಹೊರಗೆ’ ಎಂಬ ಮಾತು ನನ್ನ ಕಿವಿಗೆ ರಜ ಎಂದೇ ಕೇಳಿಸಿತು.

ಒಳಗೆ ಬಂದು, ಎಣ್ಣೆ ಮಿಲ್ಲಿನವರು ಕೊಟ್ಟಿದ್ದ, ಅಡುಗೆಮನೆಯ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಆ ತಾರೀಖಿನ ಮೇಲೆ ‘ಹೊ’ ಎಂದು ಬರೆದೆ. ಮುಂದಿನ ತಿಂಗಳು ಇದೇ ಹೊತ್ತಿಗೆ ಬರಬಹುದು, ಆ ವಾರ ಆಪರೇಷನ್ ಇಟ್ಟುಕೊಳ್ಳಬಾರದು ಎಂಬ ಲೆಕ್ಕಾಚಾರ.

ಅದೇ ನನ್ನ ಪದ್ಧತಿಯಾಯಿತು. ‘ಹೊ’ ಬಿದ್ದ ದಿನ ಬಿಟ್ಟು ಉಳಿದ ದಿನ ಕೊಯ್ಯುವುದು. ಮುರುಗೇಂದ್ರಪ್ಪನವರು ಒಪ್ಪಿದರು. ರಾಧಮ್ಮ ಥಿಯೇಟರಿನಲ್ಲಿ ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದಳು: “ಬೋರಕ್ಕ ಹೊರಗಾದ್ರೆ ಊರಾಗೆ ಅಪೆಂಡಿಕ್ಸೂ ರಜ!” ನಾನು ಓದಿದ ಕಾಲೇಜಿನ ಹಳೆಯ ವಿದ್ಯಾರ್ಥಿಗಳ ಪತ್ರಿಕೆಯವರು, ಮನೆ ಮತ್ತು ಸರ್ಜರಿ ಎರಡನ್ನೂ ಹೇಗೆ ತೂಗಿಸುತ್ತೀರಿ ಎಂದು ಬರೆಯಲು ಕೇಳಿದಾಗ ಈ ಕ್ಯಾಲೆಂಡರಿನ ವಿಷಯವನ್ನೇ ಹೆಮ್ಮೆಯಿಂದ ಬರೆದೆ. ಬೋರಕ್ಕನ ಹೆಸರು ಬರೆಯಲಿಲ್ಲ. ‘ಸ್ಥಳೀಯ ಸಹಾಯಕಿ’ ಎಂದಿದ್ದೆ.

ಏಪ್ರಿಲಿನಲ್ಲಿ ‘ಹೊ’ ಇರಲಿಲ್ಲ. ಮೇ ತಿಂಗಳಲ್ಲಿ ನಾಲ್ಕು ದಿನ. ಜೂನಿನಲ್ಲಿ ಎರಡು ಸಲ. ನನ್ನ ಸಿಟ್ಟು ಹೆಚ್ಚಿತು. ಒಂದು ಲೆಕ್ಕಕ್ಕೆ ಸಿಗುವುದಿಲ್ಲವಲ್ಲ ಇವಳದು ಎಂದು ರಘುನಂದನನ ಹತ್ತಿರ ಗೊಣಗಿದೆ.

“ಬೇರೆಯವರನ್ನ ನೋಡೋಣ್ವಾ?” ಎಂದ. “ನಾನಂತೂ ರಜ ಹಾಕೋಕಾಗಲ್ಲಪ್ಪ, ಆಡಿಟ್ ಇದೆ.”

“ಬೇಡ. ಮಗು ಹೊಂದಿಕೊಂಡಿದೆ” ಎಂದೆ.

ಆಗಸ್ಟಿನ ಒಂದು ದಿನ ಮರೆಯಲಾಗುವುದಿಲ್ಲ. ಸೋಮವಾರ ಬೆಳಿಗ್ಗೆ ಬೋರಕ್ಕ ಎಂದಿನಂತೆ ಗೇಟಿನಾಚೆ ನಿಂತು ‘ಹೊರಗಾಗೀನಿ’ ಎಂದಳು. ಅಷ್ಟರಲ್ಲೇ ಒಳಗೆ ಫೋನು ಬಡಿದುಕೊಂಡಿತು. ಮುರುಗೇಂದ್ರಪ್ಪನವರು. ಪರಶುರಾಂಪುರದ ಕಡೆಯಿಂದ ಒಬ್ಬನನ್ನು ತಂದಿದ್ದಾರೆ, ಹರ್ನಿಯಾ ಸಿಕ್ಕಿಹಾಕಿಕೊಂಡಿದೆ, ಹೊಟ್ಟೆ ಉಬ್ಬಿದೆ, ಈಗಲೇ ಆಗಬೇಕು. ನಾನು ಫೋನು ಹಿಡಿದೇ, “ಹೊಟ್ಟೆ ಉಬ್ಬಿದೆಯಾ? ಮಗು ಇದೆ ಸರ್, ಬೋರಕ್ಕ ಹೊರಟುಬಿಟ್ಟಳು, ಇವರು ಬಸ್ಸಿಗೆ ಹೋದರು, ಏನು ಮಾಡಲಿ ಸರ್” ಎಂದು ಬಡಬಡಿಸಿದೆ. ಕಿಟಕಿಯ ಆಚೆ ಬೋರಕ್ಕ ಕೇಳಿಸಿಕೊಂಡಳು.

“ಅಮ್ಮಾ, ಏನಂತೆ? ಗಂಟಾ?”

“ಹೂಂ ಬೋರಕ್ಕ, ಗಂಟು.”

ಅವಳು ಚೀಲ ಕೆಳಗಿಟ್ಟಳು. “ನೀವು ಹೋಗ್ರಿ. ಅನಗಮ್ಮನ್ನ ಗ್ರಿಲ್ಲೊಳಗೆ ಬಿಟ್ಟು ಬೀಗ ಹಾಕ್ರಿ. ನಾನು ಇಲ್ಲಿ ಬೇವಿನ ಮರದ ಕೆಳಗೆ ಕುಂತು ನೋಡ್ಕಂತೀನಿ. ಮುಟ್ಟಲ್ಲ.”

“ಮುಟ್ಟಿದರೆ ಏನೂ ಆಗಲ್ಲ, ನಮ್ಮನೆಯಲ್ಲಿ ಅದೆಲ್ಲ ಇಲ್ಲ, ಎಷ್ಟು ಸಲ ಹೇಳಿದೀನಿ!”

“ನಿಮ್ಮನೇಲಿ ಇಲ್ಲ. ನನ್ನ ಮೈಮ್ಯಾಲೆ ಐತಲ್ಲಮ್ಮ. ಮಗೀಗೆ ಏನಾರ ಆದ್ರೆ ನಾನ್ ತಾನೇ ಸಾಯಾದು? ಹೋಗ್ರಿ, ಹೊತ್ತಾಗ್ತೈತೆ.”

ಎರಡು ಗಂಟೆ ನಲವತ್ತು ನಿಮಿಷ. ಆ ಮನುಷ್ಯ ಉಳಿದ. ವಾಪಸು ಬಂದಾಗ ಅನಘ ಗ್ರಿಲ್ಲಿನೊಳಗೆ ಚಾಪೆಯ ಮೇಲೆ ನಿದ್ದೆ ಹೋಗಿದ್ದಳು. ಬೋರಕ್ಕ ಮೂರು ಮಾರು ದೂರದಲ್ಲಿ ಗೋಣಿಚೀಲ ಹಾಸಿಕೊಂಡು ಕೂತು, ಅಷ್ಟು ದೂರದಿಂದಲೇ ಕಥೆ ಹೇಳಿ ಮಲಗಿಸಿದ್ದಳು. ದನಿ ಕಟ್ಟಿಹೋಗಿತ್ತು.

“ಉಳಿದ್ನಾ?”

“ಉಳಿದ, ಬೋರಕ್ಕ.”

ಅವಳು ಎದ್ದಳು. ಏಳುವಾಗ ಮರ ಹಿಡಿದುಕೊಂಡಳು. ಗೋಣಿಚೀಲದ ನಡುವೆ ಅಂಗೈ ಅಗಲಕ್ಕಿಂತ ದೊಡ್ಡದಾಗಿ ಕಪ್ಪಾಗಿತ್ತು. ಅವಳು ಅದನ್ನು ಸುತ್ತಿ ಕಂಕುಳಿಗೆ ಸೇರಿಸಿ, ಬಸ್ ಸ್ಟ್ಯಾಂಡಿನ ಕಡೆ ನಡೆದಳು. ನಾನು ನೋಡಿದೆ. ನನ್ನ ತಲೆಯಲ್ಲಿ ಆಗ ಬಂದ ಯೋಚನೆ ಇದು: ಇಷ್ಟಿದ್ದರೆ ಶುಕ್ರವಾರಕ್ಕೂ ಬರುವುದಿಲ್ಲವೇನೋ.

ಕ್ಯಾಲೆಂಡರಿನಲ್ಲಿ ಆ ವಾರ ಪೂರ್ತಿ ‘ಹೊ’ ಎಂದು ಬರೆದೆ.

ಈ ಜನವರಿಯಲ್ಲಿ ರಾಂಪುರದಲ್ಲಿ ಹೆಂಗಸರಿಗೆ ಒಂದು ಆರೋಗ್ಯ ಶಿಬಿರ ಇತ್ತು. ಮುರುಗೇಂದ್ರಪ್ಪನವರು ನನ್ನನ್ನೂ ರಾಧಮ್ಮನನ್ನೂ ಕಳಿಸಿದರು. ಶಾಲೆಯ ಹಜಾರದಲ್ಲಿ ಐವತ್ತು ಹೆಂಗಸರು. ನಾನು ಎದ್ದು ನಿಂತು ಕೇಳಿದೆ: “ಋತುಬಂಧದ ನಂತರ ಯಾರಿಗಾದರೂ ರಕ್ತಸ್ರಾವ ಆಗಿದೆಯೇ?”

ಒಬ್ಬಳು ಆಕಳಿಸಿದಳು.

“ನಿಮ್ಮ ರೇಡಿಯೋ ಕನ್ನಡ ಇವ್ರಿಗೆ ತಿಳಿಯಲ್ಲ ಮೇಡಂ” ಎಂದು ರಾಧಮ್ಮ ಮುಂದೆ ಬಂದಳು. ಸೊಂಟದ ಮೇಲೆ ಕೈಯಿಟ್ಟು ಕೂಗಿದಳು: “ಏನ್ರವ್ವಾ, ಹೊರಗಾಗಾದು ನಿಂತ ಮ್ಯಾಲೆ ಮತ್ತೆ ಹೊರಗಾಗೀರಾ ಯಾರಾದ್ರೂ?” ಆಮೇಲೆ ತೆಲುಗಿನಲ್ಲೂ ಅದನ್ನೇ ಕೇಳಿದಳು, ಅಲ್ಲಿಯೂ ‘ಹೊರಗೆ’ ಎಂಬ ಅದೇ ಮಾತು, “ಮಳ್ಳಾ ಬಯಟ ಉನ್ನಾರಾ ಅಮ್ಮಾ?”

ಹಜಾರ ಗೊಳ್ಳೆಂದಿತು. ಕೊಲ್ಲಾಪುರಮ್ಮ ಎಂಬ ಮುದುಕಿ, “ನಿಂತಿದ್ದು ಮತ್ತೆ ಬಂದ್ರೆ ಸಕ್ರೆ ಹಂಚ್ತೀನಿ ಕಣೇ!” ಎಂದಳು. ನಗುವಿನ ನಡುವೆ ಹಿಂದಿನ ಸಾಲಿನಲ್ಲಿ ಇಬ್ಬರು ಮೆಲ್ಲಗೆ ಕೈಯೆತ್ತಿದರು.

ನಾನು ಆ ಕೈಗಳನ್ನು ನೋಡುತ್ತಿರಲಿಲ್ಲ. ನನಗೆ ನಮ್ಮ ಅಡುಗೆಮನೆಯ ಗೋಡೆ ಕಾಣುತ್ತಿತ್ತು.

ರಾಧಮ್ಮ ನನ್ನ ಮುಖ ನೋಡಿದಳು. ಅವಳ ನಗು ಅರ್ಧಕ್ಕೆ ನಿಂತಿತು. “ಅಯ್ಯೋ” ಎಂದಳು. “ಮೇಡಂ, ನಮ್ಮ ಬೋರಕ್ಕ...” ಮೊದಲ ಸಲ ಅವಳು ವಾಕ್ಯ ಮುಗಿಸದೆ ಬಿಟ್ಟಳು.

ಮನೆಗೆ ಬಂದು ಕ್ಯಾಲೆಂಡರ್ ಇಳಿಸಿದೆ. ಹೊಸ ವರ್ಷದ್ದರ ಹಿಂದೆ ಅದೇ ಮೊಳೆಗೆ ಹಳೆಯದೂ ಇತ್ತು. ಮಾರ್ಚಿನಿಂದ ಜನವರಿಯವರೆಗೆ, ಹನ್ನೊಂದು ತಿಂಗಳು, ನನ್ನದೇ ಅಕ್ಷರದಲ್ಲಿ. ರೋಗಿಯ ಚರಿತ್ರೆಯನ್ನು ಇಷ್ಟು ಶ್ರದ್ಧೆಯಿಂದ ನಾನು ಯಾವ ಕೇಸಿಗೂ ಬರೆದಿಲ್ಲ. ಮೂರು, ಸೊನ್ನೆ, ನಾಲ್ಕು, ಆರು. ದೀಪಾವಳಿಯ ತಿಂಗಳು ಹನ್ನೊಂದು. ಪುಟ ತಿರುವುತ್ತಾ ಹೋದರೆ ‘ಹೊ’ಗಳು ದಟ್ಟವಾಗುತ್ತ ಹೋಗುತ್ತವೆ. ಗೋಡೆಯ ಮೇಲೆ ಅದು ದಿನಾ ನನ್ನನ್ನು ನೋಡುತ್ತಿತ್ತು, ನಾನು ದಿನಾ ಅದನ್ನು ನೋಡುತ್ತಿದ್ದೆ.

ಬೋರಕ್ಕ ಅನಘಳ ಬಾಯಿ ಒರೆಸುತ್ತಿದ್ದಳು. ಸೊರಗಿದ್ದಳು. ಎಷ್ಟು ದಿನದಿಂದ ಸೊರಗಿದ್ದಳು?

“ಬೋರಕ್ಕ, ದುರ್ಗಕ್ಕೆ ಹೋಗಿ ಬರೋಣ. ಅಲ್ಲಿ ನನ್ನ ಸ್ನೇಹಿತೆ ಡಾಕ್ಟರಿದ್ದಾಳೆ.”

“ಯಾಕಮ್ಮ?”

ನಿಜ ಹೇಳಲು ಬಾಯಿ ಬರಲಿಲ್ಲ. “ಹೊರಗಾಗೋ ದಿನ ಕಮ್ಮಿ ಆಗೋ ಹಾಗೆ ಔಷಧ ಕೊಡ್ತಾಳೆ” ಎಂದೆ.

ಅವಳ ಮುಖ ಅರಳಿತು. “ಕೊಡ್ಸ್ರಮ್ಮ. ನಿಮ್ಗೂ ತೊಂದ್ರೆ ತಪ್ತೈತೆ. ನಂಗೂ ಸಾಕಾಗೈತೆ, ಆ ಗುಡಿಸ್ಲಾಗೆ ಒಬ್ಳೇ ಕುಂತು ಕುಂತು.”

ಚಿತ್ರದುರ್ಗದ ಸುಜಯಾ ನನ್ನ ಓರಗೆಯವಳು, ಹೆಂಗಸರ ವೈದ್ಯೆ. ಒಳಗೆ ಪರೀಕ್ಷೆ ಮಾಡಿ ಹೊರಗೆ ಬಂದಳು. ಒಳಗೆ ತೆಗೆದ ಒಂದು ಚೂರನ್ನು ದಾವಣಗೆರೆಯ ಲ್ಯಾಬಿಗೆ ಕಳಿಸಿದಳು. ಶನಿವಾರ ಲಕೋಟೆ ಬಂತು, ಹಿಂದೆಯೇ ಅವಳ ಫೋನು.

“ಗರ್ಭಕೋಶದ ಕೊರಳಿನ ಕ್ಯಾನ್ಸರ್. ಮೂರನೇ ಹಂತ” ಎಂದಳು. “ಆಪರೇಷನ್ನಿಗೆ ಸಿಗೋದು ದಾಟಿದೆ ಕಣೆ. ಬೆಂಗಳೂರಲ್ಲಿ ಆರು ವಾರ ರೇಡಿಯೇಷನ್ ಕೊಡಿಸಬೇಕು. ಈ ವಾರವೇ ಹೊರಟರೆ ಅರ್ಧ ಆಸೆ ಇಟ್ಕೋ. ತಡ ಮಾಡಿದಷ್ಟೂ ಅದೂ ಇಲ್ಲ.”

“ಹೋದ ವರ್ಷ ಮಾರ್ಚಿನಲ್ಲೇ ಬಂದಿದ್ದರೆ?”

“ಯಾಕೆ ಕೇಳ್ತೀಯ? ನಾವಿಬ್ಬರೇ ನಿಂತು ತೆಗೆದುಹಾಕ್ತಿದ್ವೇನೋ. ಯಾರಿಗೆ ಗೊತ್ತು, ಬಿಡು.”

ಎರಡು ಗಂಟೆಯ ಕೆಲಸ. ಹುಲಿಯಪ್ಪನದು ಒಂದು ಗಂಟೆಯದು.

ಬೋರಕ್ಕ ಗುರುವಾರವೇ ‘ಹೊರಗಾಗಿ’ ಊರಿಗೆ ಹೋಗಿದ್ದಳು. ದೊಡ್ಡಉಳ್ಳಾರ್ತಿಯಲ್ಲಿ ಅವಳ ಮನೆಗೆ ಫೋನಿಲ್ಲ. ಹಟ್ಟಿಯ ತಿರುವಿನಲ್ಲಿ ಅಂಜಿನೇಯನ ಕಿರಾಣಿ ಅಂಗಡಿಗೆ ಮಾಡಿದರೆ ಅವನು ಕರೆಯುತ್ತಾನೆ. ಆ ನಂಬರು ಕ್ಯಾಲೆಂಡರಿನ ಮೂಲೆಯಲ್ಲೇ ಬರೆದಿದೆ. ಶನಿವಾರದಿಂದ ಎಷ್ಟು ಸಲ ರಿಸೀವರ್ ಎತ್ತಿ ಇಟ್ಟೆನೋ.

ಅಂಗಡಿಯಲ್ಲಿ ಹತ್ತು ಜನ ಇರುತ್ತಾರೆ, ಇಂಥ ಸುದ್ದಿ ಹಾಗೆ ಹೇಳಬಾರದು ಎಂದು ಭಾನುವಾರ ಸಮಾಧಾನ ಮಾಡಿಕೊಂಡೆ. ಸೋಮವಾರ ಅವಳೇ ಬರುತ್ತಾಳೆ ಎಂದುಕೊಂಡೆ. ಮಂಗಳವಾರ ಪಕ್ಕದ ಮನೆಯವರ ಹತ್ತಿರ ಅನಘಳನ್ನು ಬಿಟ್ಟು ಎರಡು ಆಪರೇಷನ್ ಮಾಡಿದೆ. ವಾಪಸು ಬಂದರೆ ಮಗು ಅತ್ತೂ ಅತ್ತೂ ಜ್ವರ ಬರಿಸಿಕೊಂಡಿತ್ತು. ಆಗ ನನ್ನ ಮನಸ್ಸಿನೊಳಗೆ ಒಂದು ಮಾತು ಬಂತು: ಹೇಳಿದ ದಿನದಿಂದ ಅವಳು ಬರುವುದೇ ಇಲ್ಲ. ನಾಲ್ಕು ದಿನ ನಾನು ಫೋನು ಮಾಡದ್ದಕ್ಕೆ ಬೇರೆ ಕಾರಣವೇ ಇರಲಿಲ್ಲ. ಉಳಿದವೆಲ್ಲ ನೆಪ.

ಇವತ್ತು ಬೆಳಿಗ್ಗೆ ಅನಘ ಬೋರಕ್ಕನ ಹಿತ್ತಲ ಕೋಣೆಯ ಬಾಗಿಲ ಮುಂದೆ ಮೂರು ಮಾರು ದೂರದಲ್ಲಿ ಕೂತಿದ್ದಳು. ಒಳಗೆ ಹೋಗಲಿಲ್ಲ. “ಬೋಕ್ಕ ಹೊಗ್ಗೆ” ಎಂದಳು ನನ್ನನ್ನು ನೋಡಿ. ಎರಡೂವರೆ ವರ್ಷದ ಮಗುವಿಗೂ ಆ ಮಾತು ಬಂದಿದೆ.

ಮುರುಗೇಂದ್ರಪ್ಪನವರ ಮನೆಗೆ ಹೋಗಿ, ಶುಕ್ರವಾರದ ಇಬ್ಬರೂ ಕಾಯಬಲ್ಲವರು, ಮುಂದೆ ತುರ್ತು ಬಂದರೆ ದುರ್ಗಕ್ಕೇ ಕಳಿಸಬೇಕಾಗುತ್ತದೆ, ಆರು ವಾರ ನಾನಿರುವುದಿಲ್ಲ ಎಂದು ಹೇಳಿ ಬಂದೆ. ಅವರು ಯಾಕೆ ಎಂದು ಕೇಳಿದರು, ಹೇಳಿದೆ. ಕನ್ನಡಕ ತೆಗೆದು ಒರೆಸಿಕೊಂಡರು. “ನಾನೂ ದಿನಾ ಆ ಹೊರಗಿನ ಲೆಕ್ಕ ಕೇಳ್ತಿದ್ದೆನಲ್ರೀ” ಎಂದರು, ಅಷ್ಟೇ.

ಮನೆಗೆ ಬಂದು ನಂಬರು ತಿರುಗಿಸಿದೆ.

“ಯಾರ್ರೀ?” ಅಂಜಿನೇಯನ ದನಿ. ಹಿಂದೆ ತಕ್ಕಡಿಯ ಸದ್ದು, ಯಾರೋ ಬೆಲ್ಲ ಕೇಳುತ್ತಿದ್ದರು.

“ಚಳ್ಳಕೆರೆಯಿಂದ, ಡಾಕ್ಟರ್ ಮಾತಾಡೋದು. ಬೋರಕ್ಕನ್ನ ಕರೀತೀರಾ?”

“ಬೋರಕ್ಕನಾ? ಅವ್ಳು ಹೊರಗಾಗ್ಯಾಳಲ್ರೀ. ಅಂಗ್ಡಿ ಮೆಟ್ಲು ಹತ್ತಂಗಿಲ್ಲ. ಮಂಜಮ್ಮನ್ನ ಕರೀತೀನಿ ತಡೀರಿ.”

ಮಂಜಮ್ಮನಿಗೆ ಹೇಳಿದರೆ ಎಷ್ಟು ಸುಲಭ. ನಾಲಿಗೆಯ ತುದಿಗೆ ಬಂದಿತ್ತು, ಆಗಲಿ ಎನ್ನಲು.

“ಬೇಡ. ಬೋರಕ್ಕನೇ ಬೇಕು. ಫೋನಿನ ವೈರು ಎಲ್ಲಿವರೆಗೆ ಬರುತ್ತೆ?”

“ಜಗಲೀಗಂಟ ಬರ್ತೈತೆ. ಆದ್ರೆ ಅವ್ಳು ಮುಟ್ಟಿದ್ರೆ ತೊಳೀಬೇಕಲ್ರೀ. ಫೋನ್ ತೊಳ್ಯಾಕಾಗ್ತೈತಾ?” ಅಂಗಡಿಯಲ್ಲಿ ಯಾರೋ ನಕ್ಕರು.

“ಅಂಜಿನೇಯ, ಕೇಳಿ. ಅವಳು ಹೊರಗಾಗಿಲ್ಲ.”

“ಏಳು ದಿನದಿಂದ ಗುಡಿಸ್ಲಾಗೆ ಅವಳೆ, ಡಾಕ್ಟ್ರಮ್ಮ.”

“ಅದು ಮುಟ್ಟಲ್ಲ. ಗಾಯ. ನಿಮ್ಮ ಕಾಲಿಗೆ ಕೊಡಲಿ ಬಿದ್ದು ರಕ್ತ ಬಂದ್ರೆ ನಿಮ್ಮನ್ನ ಹಟ್ಟಿ ಆಚೆ ಕೂರಿಸ್ತಾರಾ? ಒಳಗೆ ಗಾಯ ಆಗಿದೆ ಅವಳಿಗೆ. ಹನ್ನೊಂದು ತಿಂಗಳಿಂದ.”

ತಕ್ಕಡಿಯ ಸದ್ದು ನಿಂತಿತು.

“ಹನ್ನೊಂದು ತಿಂಗ್ಳಾ?” ಎಂದ ಅವನು. ಅವನ ದನಿಯಲ್ಲಿ ಕುಹಕ ಇರಲಿಲ್ಲ, ತಿಳಿಯದೆ ಕೇಳಿದ. “ಅಷ್ಟೂ ದಿನ ನಿಮ್ಮನೇಲೇ ಇದ್ಲಲ್ರೀ?”

“ಹೌದು” ಎಂದೆ. “ನಮ್ಮನೆಯಲ್ಲೇ ಇದ್ದಳು.”

ರಿಸೀವರ್ ಕಲ್ಲಿನ ಮೇಲೆ ಇಟ್ಟ ಸದ್ದು. ದೂರ ಹೋಗುತ್ತಾ ಅವನು ಕೂಗಿದ, “ಬೋರಕ್ಕಾ, ಏ ಬೋರಕ್ಕಾ, ಬಾರವ್ವ, ಮೆಟ್ಲು ಹತ್ತಿ ಬಾ, ಏನಾಗಲ್ಲ.” ನಾನು ಹಿಡಿದುಕೊಂಡೇ ನಿಂತೆ. ಕುರಿಗಳು ದಾಟಿದ ಸದ್ದು ಕೇಳಿತು. ಅನಘ ಬಂದು ನನ್ನ ಕಾಲು ತಬ್ಬಿದಳು. ಎಷ್ಟು ಹೊತ್ತಾಯಿತೋ.

“ಅಮ್ಮಾ?” ಎಂದಳು ಬೋರಕ್ಕ. ರಿಸೀವರನ್ನು ಬಾಯಿಂದ ದೂರ ಹಿಡಿದಿರಬೇಕು, ದನಿ ಸಣ್ಣದಾಗಿತ್ತು. “ಅನಗಮ್ಮ ಉಂಡ್ಲಾ?”

“ಉಂಡಳು.”

“ಶುಕ್ರವಾರ ಕೊಯ್ಯಾದು ಐತಲ್ಲಮ್ಮ? ಇದಿನ್ನೂ ನಿಂತಿಲ್ಲ ಕಣಮ್ಮ, ಏನ್ ಮಾಡ್ಲಿ. ಆವತ್ನಂಗೆ ಬೇವಿನ ಮರದ ಕೆಳಗೆ ಕುಂತು ನೋಡ್ಕಂತೀನಿ, ಬರ್ಲಾ?”

“ಬರಬೇಡ ಬೋರಕ್ಕ. ನಾನು ಬರ್ತಿದೀನಿ ಅಲ್ಲಿಗೆ, ಈಗಲೇ, ಅನಘನ್ನೂ ಕರ್ಕೊಂಡು. ನಾಳೆ ನಾವೆಲ್ಲ ಬೆಂಗಳೂರಿಗೆ ಹೋಗಬೇಕು.”

“ಬೆಂಗ್ಳೂರಿಗಾ? ಯಾಕಮ್ಮ?”

“ಬೋರಕ್ಕ” ಎಂದೆ, “ನಿನ್ನ ರಿಪೋರ್ಟು ಬಂದು ನಾಲ್ಕು ದಿನ ಆಯ್ತು.”